ರೂಪಾಯಿ ಬೇಡ, ಆಟದ ಲೆಕ್ಕ ಹೇಳಿ

ಎಂ.ಎ. ಎರಡನೇ ವರ್ಷದಲ್ಲಿ ನಾವೇ ವಿಷಯ ಹುಡುಕಿ, ನಾವೇ ಓಡಾಡಿ ಮಾಡಬೇಕಾದ ಒಂದು ಸಂಶೋಧನೆ ಇರುತ್ತದೆ. ನನಗೆ ನಟನೆ ಬರುವುದಿಲ್ಲ. ನಾನು ಕಲಿಯುತ್ತಿದ್ದದ್ದು ನಾಟಕದ ಹಿಂದಿನ ಕೆಲಸ: ದುಡ್ಡು ಹೊಂದಿಸುವುದು, ಹಾಲ್ ಹಿಡಿಯುವುದು, ಟಿಕೆಟ್ ಮಾರುವುದು. ಹಾಗಾಗಿ ‘ಕರ್ನಾಟಕದ ವೃತ್ತಿ ರಂಗಭೂಮಿಯ ಆರ್ಥಿಕತೆ’ ಅಂತ ದೊಡ್ಡದಾಗಿ ಬರೆದುಕೊಂಡು ಹೋದೆ. ಗೈಡ್ ಮೇಡಂ ಓದಿ, “ಯಾವ ಕಂಪನಿ? ಯಾವ ಊರು? ಯಾವ ತಿಂಗಳು?” ಎಂದು ಕೇಳಿದರು. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ತಿಂಗಳು ಲೈಬ್ರರಿಯಲ್ಲಿ ಕೂತೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದದ್ದು, ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆ ರಂಗದ ಮೇಲೇ ಬಂದದ್ದು, ಎಲ್ಲಾ ಓದಿದೆ. ಆನೆ ಬಂತು, ಸರಿ. ಆ ಆನೆಗೆ ಮೇವು ಹಾಕಿದ ಲೆಕ್ಕ ಎಲ್ಲಿ? ನನ್ನ ಕೈಗೆ ಸಿಕ್ಕ ಪುಸ್ತಕಗಳಲ್ಲಿ ಹಾಡು, ಪಾತ್ರ, ಪರದೆಗಳ ಮಾತು ಬೇಕಾದಷ್ಟಿತ್ತು. ದುಡ್ಡಿನ ಮಾತು ಬಂದಾಗ ಮಾತ್ರ ‘ನಷ್ಟ ಅನುಭವಿಸಿದರು’ ಅಂತ ಒಂದೇ ಸಾಲು.

ಬನದ ಹುಣ್ಣಿಮೆ ಹತ್ತಿರ ಬಂದಾಗ ಬಾದಾಮಿಗೆ ಬಸ್ ಹತ್ತಿದೆ. ಅಲ್ಲಿಂದ ಸುಮಾರು 5 ಕಿಲೋಮೀಟರ್ ಬನಶಂಕರಿ ಗುಡಿ. ಆ ಹುಣ್ಣಿಮೆಗೆ ಅಲ್ಲಿ ದೇವಿಯ ಜಾತ್ರೆ. ತೇರು ಎಳೆದ ಮೇಲೂ ಈ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಸಾಲಾಗಿ ತಗಡಿನ ಥಿಯೇಟರ್ ಹಾಕಿರುತ್ತವೆ. ಒಂದು ಕಂಪನಿಯ ಮೈಕು ನಿಂತರೆ ಪಕ್ಕದ್ದು ಶುರು.

ಮೊದಲ ದಿನ ಪೂರ್ತಿ ಹಾಳು ಮಾಡಿಕೊಂಡೆ. ಕಂಪನಿ ಮಾಲೀಕರೊಬ್ಬರ ಎದುರು ಪ್ರಶ್ನಾವಳಿ ಬಿಚ್ಚಿ, “ಸರ್, ಒಂದು ಕ್ಯಾಂಪಿಗೆ ಖರ್ಚೆಷ್ಟು?” ಅಂದೆ. ಕಂಪನಿ ಒಂದು ಊರಲ್ಲಿ ಥಿಯೇಟರ್ ಹಾಕಿ ಆಟ ಆಡುವಷ್ಟು ದಿನ ಒಂದು ಕ್ಯಾಂಪು. ಅವರು ನಕ್ಕು, “ಇನ್‌ಕಮ್ ಟ್ಯಾಕ್ಸಿನವರೇನ್ರಿ ತಂಗಿ?” ಎಂದರು. ಕಾಲೇಜಿನಿಂದ ತಂದ ಒಪ್ಪಿಗೆ ಪತ್ರ ಕೊಟ್ಟೆ. ಇನ್ನೂ ಕೆಟ್ಟಿತು. “ಸಹಿ ಅಂದ್ರ ನಮಗ ಸಾಲದ ಕಾಗದಾನ ನೆನಪಿಗೆ ಬರತೈತಿ. ಬ್ಯಾಡ್ರಿ.” ಆಮೇಲೆ ಒಪ್ಪಿಗೆಯನ್ನು ಬಾಯಲ್ಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹೊಸದಾಗಿ ಶುರುಮಾಡುವವರು ಇದನ್ನು ಮೊದಲೇ ಗೈಡ್ ಹತ್ತಿರ ಮಾತಾಡಿಕೊಳ್ಳಿ.

ಮರುದಿನ ಗುಡಿಯ ಹೊಂಡದ ದಂಡೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಬುಟ್ಟಿ ಇಟ್ಟುಕೊಂಡು ಜೋಳದ ರೊಟ್ಟಿ, ಕಾಳುಪಲ್ಯ, ಮೊಸರು ಮಾರುವ ಹೆಂಗಸರು ಅಲ್ಲಿ ಬೇಕಾದಷ್ಟು ಜನ. “ವ್ಯಾಪಾರ ಹೆಂಗಿದೆ ಅಜ್ಜಿ?” ಅಂತ ಸುಮ್ನೆ ಕೇಳಿದೆ. “ಮೊದಲ್ನೇ ಬುಟ್ಟಿ ಹಿಟ್ಟಿಂದು ಯವ್ವಾ, ಎರಡನೇದು ನಂದು” ಎಂದಳು. ರೂಪಾಯಿ ಹೇಳಲೇ ಇಲ್ಲ. ಆದರೆ ಎಲ್ಲಾ ಹೇಳಿದಂತಾಯಿತಲ್ವಾ?

ಕೈ ತೊಳೆದುಕೊಂಡು ಸೀದಾ ಮಾಲೀಕರ ಹತ್ತಿರ ಹೋದೆ. ಪ್ರಶ್ನಾವಳಿ ಚೀಲದಲ್ಲೇ ಉಳಿಯಿತು. “ಕಾಕಾ, ತಗಡಿನ ಬಾಡಿಗೆ ಎಷ್ಟು ಆಟದಲ್ಲಿ ಬರುತ್ತೆ?” ಅಂದೆ. ಅವರು ಬೆರಳು ಮಡಚಿದರು. ಜಾಗದ ಬಾಡಿಗೆಗೆ ಇಷ್ಟು ಆಟ, ಕರೆಂಟಿಗೆ ಇಷ್ಟು, ಅಡುಗೆ ಮನೆಗೆ ದಿನಾ ಅರ್ಧ ಆಟ. “ಕಲಾವಿದರ ಅಡ್ವಾನ್ಸ್ ಬ್ಯಾರೆ. ಅದು ಜಾತ್ರಿ ಮುಗಿಯೂತನಕ ತೀರಂಗಿಲ್ಲ.” ಅಂದರೆ ಪರದೆ ಏಳುವ ಎಷ್ಟೋ ತಿಂಗಳ ಮೊದಲೇ ದೊಡ್ಡ ದುಡ್ಡು ಕೈಬಿಟ್ಟು ಹೋಗಿರುತ್ತದೆ. ನನ್ನ ಪ್ರಶ್ನೆ ಅಲ್ಲಿ ಸಿಕ್ಕಿತು: ಅಡ್ವಾನ್ಸ್ ಕೊಟ್ಟ ದಿನದಿಂದ ಅದು ಗೇಟಿನಲ್ಲಿ ವಾಪಸ್ ಬರುವ ದಿನದವರೆಗೆ ಮಾಲೀಕ ಏನೇನು ಮಾಡುತ್ತಾನೆ? ಒಂದು ಕಂಪನಿ, ಒಂದು ಜಾತ್ರೆ. ಅಷ್ಟೇ.

ಉಳಿದ ನಾಲ್ಕು ರಾತ್ರಿ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ನಾನು ಕಲಿತದ್ದು ಬೆಂಗಳೂರಿನ ಶಿಸ್ತು. ಅಲ್ಲಿನ ರಂಗಶಂಕರ ರಂಗಮಂದಿರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರು, ತಡವಾಗಿ ಬಂದವರಿಗೆ ಬಾಗಿಲಿಲ್ಲ. ಇಲ್ಲಿ ಗೇಟಿನವನು ಕೈ ಎತ್ತಿದ ಮೇಲೆ ಪರದೆ ಏಳುತ್ತದೆ. ನಮ್ಮಲ್ಲಿ ಗಡಿಯಾರ ಮಾಡುವ ಕೆಲಸವನ್ನು ಇಲ್ಲಿ ಅವನ ಕಣ್ಣು ಮಾಡುತ್ತದೆ. ತೇರು ನೋಡಿ ಬರುವ ಗುಂಪು ಇನ್ನೂ ದಾರಿಯಲ್ಲಿದೆ ಎಂದು ಅನಿಸಿದರೆ ಇನ್ನೊಂದು ಹಾಡು ಹಾಕಿಸುತ್ತಾನೆ.

ಹೊರಡುವ ದಿನ ಮಾಲೀಕರು ಚಹಾ ತರಿಸಿ, ಅವರೇ ಒಂದು ಪ್ರಶ್ನೆ ಕೇಳಿದರು. “ನಿಮ್ಮ ಬೆಂಗಳೂರಾಗ ಎಷ್ಟು ಆಟ ಆದ್ರ ಅಸಲು ಬರತೈತಿ?” ಹಿಂದಿನ ವರ್ಷ ನಮ್ಮ ತಂಡದ ನಾಟಕಕ್ಕೆ ನಾನೇ ಲೆಕ್ಕ ಬರೆದಿದ್ದೆ. ಖರ್ಚು ಪೈಸೆಪೈಸೆ ಗೊತ್ತಿತ್ತು. ಎಷ್ಟು ಆಟ ಬೇಕು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಾವು ಆಡಿದ್ದೇ ನಾಲ್ಕು.

ಬಸ್ಸಿನಲ್ಲಿ ಆ ಹಳೇ ಲೆಕ್ಕವನ್ನು ಫೋನಿನಲ್ಲಿ ತೆಗೆದು ಭಾಗಿಸುತ್ತಾ ಕೂತೆ. ಈಗ ಅದು ನನ್ನ ಎರಡನೇ ಅಧ್ಯಾಯ.