ಕಾರಣದ ಬಗೆಗಿನ ತೀರ್ಮಾನವನ್ನು ಪರೀಕ್ಷಿಸುವುದು, ತಿದ್ದಿಕೊಳ್ಳುವುದು ಹೇಗೆ?

ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ತಲೆನೋವು ಇಳಿದರೆ, ಇಳಿಸಿದ್ದು ಮಾತ್ರೆಯೇ ಎಂದು ನಾವು ಒಡನೆ ತೀರ್ಮಾನಿಸುತ್ತೇವೆ. ಆದರೆ ನಮಗೆ ಕಾಣುವುದು ಒಂದು ಘಟನೆಯ ಬೆನ್ನಿಗೆ ಮತ್ತೊಂದು ಬರುವುದಷ್ಟೇ. ಎರಡನ್ನೂ ಬೆಸೆಯುವ ಸಂಬಂಧವನ್ನು ಯಾರೂ ನೇರವಾಗಿ ಕಾಣುವುದಿಲ್ಲವೆಂದು 18ನೇ ಶತಮಾನದಲ್ಲಿಯೇ ಸ್ಕಾಟ್ಲೆಂಡಿನ ದಾರ್ಶನಿಕ ಡೇವಿಡ್ ಹ್ಯೂಮ್ ವಾದಿಸಿದ್ದ. ಬೆಸೆಯುವ ಕೆಲಸ ಮನಸ್ಸಿನದು. ಅದು ತಪ್ಪುವ ಜಾಗಗಳು ಬಹುಮಟ್ಟಿಗೆ ಗೊತ್ತಿರುವುದರಿಂದ, ಅವನ್ನು ಪರಿಶೀಲಿಸಲು ಕಾಗದ ಮತ್ತು ಪೆನ್ನು ಸಾಕು.

ಮೊದಲು ನಾಲ್ಕು ಮನೆಗಳ ಒಂದು ಪಟ್ಟಿ ಬರೆದುಕೊಳ್ಳಿ: ಮಾತ್ರೆ ನುಂಗಿದಾಗ ನೋವು ಇಳಿದದ್ದು, ನುಂಗಿಯೂ ಇಳಿಯದಿದ್ದದ್ದು, ನುಂಗದೆಯೇ ಇಳಿದದ್ದು, ನುಂಗದೆ ಇಳಿಯದೆಯೂ ಇದ್ದದ್ದು. ಮಾತ್ರೆ ನುಂಗಿದ 20 ಸಲದಲ್ಲಿ 16 ಸಲ ನೋವು ಇಳಿಯಿತೆಂದುಕೊಳ್ಳೋಣ. ಹೆಚ್ಚಿನವರಿಗೆ ಇಷ್ಟೇ ಸಾಕ್ಷ್ಯ ಸಾಕೆನಿಸುತ್ತದೆ. ಆದರೆ ನುಂಗದ 10 ಸಲದಲ್ಲಿ 8 ಸಲ ತಾನಾಗಿಯೇ ಇಳಿದಿದ್ದರೆ ಎರಡೂ ಕಡೆ ಪ್ರಮಾಣ ಶೇ 80, ಅಂತರ ಸೊನ್ನೆ. ಈ ಲೆಕ್ಕದ ಮಟ್ಟಿಗೆ ಮಾತ್ರೆಯ ಪಾಲು ಏನೂ ಕಾಣುವುದಿಲ್ಲ. ನಾವು ಮೊದಲನೆಯ ಮನೆಗೆ ವಿಪರೀತ ತೂಕ ಕೊಡುತ್ತೇವೆ, ಕೊನೆಯದನ್ನು ಬಹುತೇಕ ಮರೆಯುತ್ತೇವೆ. ಏನೂ ಮಾಡದೆ ಏನೂ ಆಗದ ದಿನ ನೆನಪಿನಲ್ಲಿ ಉಳಿಯುವುದಾದರೂ ಏಕೆ? ಭಾರತೀಯ ತರ್ಕಶಾಸ್ತ್ರ ಅನ್ವಯದ (ಇದು ಇದ್ದಾಗ ಅದೂ ಇದೆಯೇ ಎಂಬುದರ) ಜೊತೆಗೆ ವ್ಯತಿರೇಕವನ್ನೂ, ಅಂದರೆ ಇದು ಇಲ್ಲದಾಗ ಅದೂ ಇಲ್ಲವೇ ಎಂಬುದನ್ನೂ, ಕೇಳುತ್ತಿದ್ದುದು ಇದಕ್ಕಾಗಿಯೇ. ಆದ್ದರಿಂದ ಮಾತ್ರೆ ನುಂಗದ ದಿನಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು.

ಎರಡನೆಯದಾಗಿ, ಅದೇ ಹೊತ್ತಿಗೆ ಬೇರೇನು ಇತ್ತೆಂದು ನೋಡಬೇಕು. ಮಾತ್ರೆಯ ಜೊತೆಗೆ ನೀರು ಕುಡಿದಿರುತ್ತೀರಿ, ದೀಪ ಆರಿಸಿ ಮಲಗಿರುತ್ತೀರಿ. ಜೊತೆಗಿದ್ದವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಸಲ್ಲಬೇಕೆಂಬುದನ್ನು ಮನಸ್ಸು ಕಲಿತ ಕ್ರಮವೇ ನಿರ್ಧರಿಸಿಬಿಡುವುದುಂಟು. 1960ರ ದಶಕದ ಕೊನೆಯಲ್ಲಿ ಮನೋವಿಜ್ಞಾನಿ ಲಿಯಾನ್ ಕಾಮಿನ್ ಇಲಿಗಳಿಗೆ ಮೊದಲು ಒಂದು ಸದ್ದಿನ ಬೆನ್ನಿಗೆ, ಆಮೇಲೆ ಅದೇ ಸದ್ದು ಮತ್ತು ಬೆಳಕು ಎರಡರ ಬೆನ್ನಿಗೂ ವಿದ್ಯುದಾಘಾತ ಕೊಟ್ಟರು. ಬೆಳಕೊಂದನ್ನೇ ತೋರಿಸಿದಾಗ ಇಲಿಗಳು ಅಷ್ಟಾಗಿ ಅಂಜಲಿಲ್ಲ; ಆಘಾತ ಬರುವುದನ್ನು ಸದ್ದೇ ಮೊದಲು ತಿಳಿಸುತ್ತಿದ್ದುದರಿಂದ ಬೆಳಕಿನಿಂದ ಕಲಿಯಲು ಹೊಸದೇನೂ ಉಳಿದಿರಲಿಲ್ಲ. ನಿರೀಕ್ಷೆಗೂ ನಡೆದದ್ದಕ್ಕೂ ಅಂತರ ಇದ್ದಷ್ಟೇ ಕಲಿಕೆ ಎಂಬ ಸೂತ್ರವನ್ನು 1972ರಲ್ಲಿ ಮನೋವಿಜ್ಞಾನಿಗಳಾದ ರಾಬರ್ಟ್ ರೆಸ್ಕೋರ್ಲಾ ಮತ್ತು ಆಲನ್ ವ್ಯಾಗ್ನರ್ ರೂಪಿಸಿದರು. ಕುಂಬಾರನ ಮಣ್ಣು ಹೊತ್ತ ಕತ್ತೆ ಮಡಕೆಗೆ ಕಾರಣವಲ್ಲವೆಂದು ಭಾರತೀಯ ತರ್ಕದ ನ್ಯಾಯ ದರ್ಶನ ಅದನ್ನು ಪಕ್ಕಕ್ಕೆ ಸರಿಸುವಂತೆ, ಮನಸ್ಸೂ ಹೆಚ್ಚುವರಿ ಸಂಗತಿಗಳನ್ನು ಸರಿಸುತ್ತದೆ. ಅಪಾಯ ಇರುವುದೂ ಇಲ್ಲಿಯೇ: ಮೊದಲು ಕಲಿತ ಕಾರಣವೇ ತಪ್ಪಾಗಿದ್ದರೆ, ತಡವಾಗಿ ಬಂದ ನಿಜವಾದ ಕಾರಣಕ್ಕೆ ಬಾಗಿಲು ಮುಚ್ಚಿರುತ್ತದೆ. ಒಂದಿದ್ದು ಇನ್ನೊಂದಿಲ್ಲದ ಸಂದರ್ಭವನ್ನು ಹುಡುಕುವುದೇ ಇದಕ್ಕೆ ದಾರಿ.

ಅಂಥ ಸಂದರ್ಭ ಸಿಕ್ಕಿದ ಮೇಲೆ ಹಳೆಯ ದಾಖಲೆಗೆ ಹಿಂದಿರುಗಬೇಕು. ಬರೀ ಮಲಗಿದ್ದರಿಂದಲೇ ನೋವು ಇಳಿಯುತ್ತದೆಂದು ಈಗ ಗೊತ್ತಾದರೆ, ಹಿಂದೆ ಮಾತ್ರೆಗೆ ಕೊಟ್ಟ ಪಾಲನ್ನು, ಮಾತ್ರೆಯನ್ನು ಮತ್ತೆ ನುಂಗದೆಯೇ, ತಗ್ಗಿಸಬೇಕಾಗುತ್ತದೆ. ಮನುಷ್ಯರು ಹೀಗೆ ಹಿಂದಿನದನ್ನು ಮರುಲೆಕ್ಕ ಹಾಕಬಲ್ಲರೆಂದು ಮನೋವಿಜ್ಞಾನಿ ಡೇವಿಡ್ ಶ್ಯಾಂಕ್ಸ್ 1985ರಲ್ಲಿ ತೋರಿಸಿದರು. ಆದರೆ ಯಾವುದರ ಜೊತೆ ಯಾವುದಿತ್ತೆಂಬ ನೆನಪು ಉಳಿದಿದ್ದರೆ ಮಾತ್ರ ಇದು ಸಾಧ್ಯವೆಂಬುದು ಸಹಜ; ಬರೆದಿಟ್ಟದ್ದು ಉಪಯೋಗಕ್ಕೆ ಬರುವುದು ಆಗ.

ಇಷ್ಟಾದರೂ ಬರೀ ನೋಡುವುದಕ್ಕೆ ಒಂದು ಮಿತಿಯಿದೆ. ನೋವು ತೀವ್ರವಾದಾಗಲೇ ಮಾತ್ರೆ ನುಂಗುವ ರೂಢಿಯಿದ್ದರೆ, ಹೋಲಿಕೆ ಮೊದಲೇ ಮಾತ್ರೆಗೆ ವಿರುದ್ಧವಾಗಿ ವಾಲಿರುತ್ತದೆ. ನುಂಗಬೇಕೇ ಬೇಡವೇ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರೆ ಆ ವಾಲು ಹೋಗುತ್ತದೆ (ವೈದ್ಯರು ಬರೆದುಕೊಟ್ಟ ಔಷಧದ ವಿಷಯದಲ್ಲಿ ಈ ಪ್ರಯೋಗ ಸಲ್ಲದು). 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯ ಇಗ್ನಾಟ್ಸ್ ಸೆಮ್ಮೆಲ್ವೈಸ್ ಕೂಡ ಕೈಯಾರೆ ಒಂದು ಬದಲಾವಣೆ ತಂದೇ ನೋಡಿದ: ಶವಪರೀಕ್ಷೆ ಮಾಡಿ ಬರುವವರು ಸುಣ್ಣ ಮತ್ತು ಕ್ಲೋರಿನ್ ಸೇರಿದ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದ ಮೇಲೆ ತಾಯಂದಿರ ಸಾವು ತೀವ್ರವಾಗಿ ಇಳಿಯಿತು. ಆದರೂ ಸಮಕಾಲೀನ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ.

ಹಾಗೆ ಒಪ್ಪದಿರುವುದಕ್ಕೆ ನೆಪಗಳು ಸುಲಭವಾಗಿ ಸಿಗುತ್ತವೆ. ವಿರುದ್ಧ ಫಲಿತಾಂಶ ಬಂದಾಗ ನಂಬಿಕೆಯನ್ನು ಬದಲಿಸುವ ಬದಲು, ಆ ದಿನ ನಿದ್ದೆ ಸಾಲದಾಗಿತ್ತು ಎಂಬಂತಹ ವಿನಾಯಿತಿಯೊಂದನ್ನು ಸೇರಿಸಿಬಿಡುತ್ತೇವೆ. ಆದ್ದರಿಂದ ಎಂಥ ಫಲಿತಾಂಶ ಬಂದರೆ ತೀರ್ಮಾನವನ್ನು ಕೈಬಿಡುವಿರಿ ಎಂಬುದನ್ನು, ಯಾವ ವಿನಾಯಿತಿಗಳನ್ನು ಒಪ್ಪುವಿರಿ ಎಂಬುದರ ಸಮೇತ, ಮುಂದಿನ ಪರೀಕ್ಷೆಗೆ ಮೊದಲೇ ದಿನಾಂಕ ಹಾಕಿ ಅದೇ ಕಾಗದದಲ್ಲಿ ಬರೆದಿಡಿ.