ಅಮೆರಿಕದಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ

ನಮ್ಮಲ್ಲಿ ಟಿಕೆಟ್ ಬೇಕೆಂದರೆ ದಿಲ್ಲಿಗೆ ಓಡಬೇಕು. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಬೇಕಾದವರು ಮತದಾರರ ಹತ್ತಿರ ಹೋಗಬೇಕು. ಚುನಾವಣೆ ನವೆಂಬರ್‌ನಲ್ಲಿ. ಟಿಕೆಟ್ ಪೈಪೋಟಿ ಮಾತ್ರ ವರ್ಷದ ಆರಂಭದಲ್ಲೇ ಶುರುವಾಗಿ ಜೂನ್‌ವರೆಗೂ ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತದೆ.

ಮತ ಹಾಕಬೇಕಾದರೆ ಬಹುತೇಕ ಎಲ್ಲ ರಾಜ್ಯಗಳಲ್ಲಿ ಮೊದಲು ಹೆಸರು ನೋಂದಾಯಿಸಬೇಕು. ಪೌರತ್ವ ಬೇಕೇ ಬೇಕು, ಗ್ರೀನ್ ಕಾರ್ಡ್ ಸಾಲದು. ಆಮೇಲೆ ನಿಮ್ಮ ರಾಜ್ಯದ ನಿಯಮ ನೋಡಿ. ನ್ಯೂಯಾರ್ಕ್‌ನಲ್ಲಿರುವ ಅಕ್ಕ ಮೊದಲೇ ಯಾವ ಪಕ್ಷ ಎಂದು ಬರೆಸಿರಬೇಕು, ಇಲ್ಲದಿದ್ದರೆ ಮತವಿಲ್ಲ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿರುವ ತಮ್ಮನಿಗೆ ಆ ರಗಳೆ ಇಲ್ಲ. ಮತಗಟ್ಟೆಗೆ ಹೋಗಿ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡರಲ್ಲಿ ಒಂದು ಪಕ್ಷದ ಮತಪತ್ರ ಕೇಳಿದರಾಯಿತು.

ಹೆಚ್ಚಿನ ಕಡೆ ನಡೆಯುವುದು ಪ್ರೈಮರಿ, ಅಂದರೆ ಮಾಮೂಲಿ ಗುಪ್ತ ಮತದಾನ. ಕೆಲವು ಕಡೆ ಕಾಕಸ್ ಎಂಬ ಸಭೆ. ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷದವರು 2020ರವರೆಗೆ ನಡೆಸಿದ ಕಾಕಸ್ ನೋಡುವಂಥದ್ದು. ಚಳಿಗಾಲದ ಸಂಜೆ, ಶಾಲೆಯ ಜಿಮ್. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ಬೆಂಬಲಿಗರು ಹೋಗಿ ನಿಲ್ಲುವುದು, ತಲೆ ಎಣಿಸುವುದು. ಸಾಮಾನ್ಯವಾಗಿ ಶೇ 15 ದಾಟದ ಗುಂಪು ಚದುರಬೇಕು. ಆಗ ಪಕ್ಕದ ಮನೆಯವರೇ ಬಂದು ‘ನಮ್ಮ ಕಡೆ ಬನ್ನಿ’ ಅನ್ನುತ್ತಾರೆ. ಯಾರು ಯಾರ ಕಡೆ ಅನ್ನುವುದು ಊರಿಗೆಲ್ಲ ಗೊತ್ತು. ನೋಡಲು ಚೆಂದ, ಆದರೆ ರಾತ್ರಿ ಪಾಳಿಯವರು ಏನು ಮಾಡಬೇಕು? 2020ರಲ್ಲಿ ಎಣಿಕೆ ಕಳಿಸುವ ಆ್ಯಪ್ ಕೈಕೊಟ್ಟು ಫಲಿತಾಂಶ ದಿನಗಟ್ಟಲೆ ತಡವಾಯಿತು. 2024ರಲ್ಲಿ ಅವರು ಅಂಚೆ ಮತಕ್ಕೆ ಬದಲಾದರು.

ಇಷ್ಟಾದರೂ ನಿಮ್ಮ ಮತ ನೇರವಾಗಿ ಅಭ್ಯರ್ಥಿಯನ್ನು ಗೆಲ್ಲಿಸುವುದಿಲ್ಲ. ಅದು ಪಕ್ಷದ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳ ಲೆಕ್ಕಕ್ಕೆ ಹೋಗುತ್ತದೆ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15 ದಾಟಿದವರಿಗೆ ಮತದ ಪ್ರಮಾಣದಲ್ಲಿ ಪಾಲು. ರಿಪಬ್ಲಿಕನ್ನರಲ್ಲಿ ಕೆಲವು ರಾಜ್ಯಗಳಲ್ಲಿ ಗೆದ್ದವನಿಗೇ ಎಲ್ಲ. 2024ರಲ್ಲಿ ಅವರ 2,429 ಪ್ರತಿನಿಧಿಗಳಲ್ಲಿ 1,215 ಬೇಕಿತ್ತು. ಟ್ರಂಪ್ ಮಾರ್ಚ್ 12ಕ್ಕೇ ಅದನ್ನು ದಾಟಿದರು. ಜೂನ್‌ನಲ್ಲಿ ಮತ ಹಾಕಿದ ನ್ಯೂಜೆರ್ಸಿಯವರದು ಸುಮ್ನೆ ಶಾಸ್ತ್ರ, ಅಲ್ವಾ?

ಕೊನೆಗೆ ಸಮಾವೇಶದಲ್ಲಿ ಪ್ರತಿನಿಧಿಗಳು ಹೆಸರು ಅಂತಿಮಗೊಳಿಸುತ್ತಾರೆ. 1968ರಲ್ಲಿ ಪ್ರೈಮರಿಗಳಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಗೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕಿತ್ತು. ಆಗ ಎದ್ದ ಗಲಾಟೆಯಿಂದಲೇ ಮತದಾರರಿಗೆ ಇಷ್ಟು ಅಧಿಕಾರ ಬಂತು. ಆದರೂ ಪ್ರತಿನಿಧಿಗಳ ಕೈ ಪೂರ್ತಿ ಕಟ್ಟಿಲ್ಲ. 2024ರ ಪ್ರೈಮರಿಗಳನ್ನು ಗೆದ್ದ ಬೈಡನ್ ಜುಲೈ 21ರಂದು ಹಿಂದೆ ಸರಿದರು. ಮತ್ತೆ ಪ್ರೈಮರಿ ನಡೆಯಲಿಲ್ಲ. ಪ್ರತಿನಿಧಿಗಳು ಆಗಸ್ಟ್ ಆರಂಭದಲ್ಲಿ ಆನ್‌ಲೈನ್‌ನಲ್ಲೇ ಮತ ಹಾಕಿ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು.