ಮಂಡ್ಯದಿಂದ ಕೆಂಗೇರಿಯವರೆಗೆ

ನಾನು ಕಥೆ ಬರೆಯಲು ಶುರು ಮಾಡಿದ್ದು ರೈಲಿನಲ್ಲಿ, 2016ರಲ್ಲಿ. ಮನೆ ಮಂಡ್ಯದಲ್ಲಿ, ಕೆಲಸ ಬೆಂಗಳೂರಿನಲ್ಲಿ. ಒಂದು ಕಂಪನಿಯಲ್ಲಿ ಬಿಲ್ಲು, ವೋಚರ್ ನೋಡುವ ಕೆಲಸ. ಸೀಸನ್ ಪಾಸ್ ಇಟ್ಟುಕೊಂಡು ದಿನಾ ಓಡಾಡುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು.

ಅದಕ್ಕೂ ಮೊದಲು ಹತ್ತು ವರ್ಷ ‘ಬರೀಬೇಕು, ಬರೀಬೇಕು’ ಅಂದುಕೊಂಡೇ ಕಳೆದಿದ್ದೆ. ಮಗಳ ಪರೀಕ್ಷೆ ಮುಗೀಲಿ, ಹಬ್ಬ ಮುಗೀಲಿ, ಮಾರ್ಚ್ ತಿಂಗಳ ಲೆಕ್ಕ ಮುಗೀಲಿ ಅಂತ ಮುಂದಕ್ಕೆ ಹಾಕುತ್ತಿದ್ದೆ. ಭಾನುವಾರ ಕೂತರೆ ದೋಸೆ ಹಿಟ್ಟು, ಒಗೆಯುವ ಬಟ್ಟೆ, ನೆಂಟರು. ಇಡೀ ದಿನ ಬಿಡುವು ಸಿಕ್ಕರೆ ಬರೆದೇಬಿಡ್ತೀನಿ ಅನ್ನೋ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಮಹಿಳೆಯರ ಬೋಗಿಯಲ್ಲಿ ಯಾರೂ ಸುಮ್ನೆ ಕೂರುವುದಿಲ್ಲ. ಒಬ್ಬರು ಸೊಪ್ಪು ಬಿಡಿಸುತ್ತಾರೆ, ಒಬ್ಬರು ಹೂ ಕಟ್ಟುತ್ತಾರೆ, ಡಿಸೆಂಬರ್ ಬಂತೆಂದರೆ ಕವರ್ ತುಂಬ ಅವರೆಕಾಯಿ ತಂದು ಸುಲಿಯುತ್ತಾರೆ. ಎಲ್ಲರ ಕೈಯಲ್ಲೂ ಒಂದು ಕೆಲಸ. ಒಂದು ದಿನ ನಾನೂ ಬ್ಯಾಗಿನಿಂದ ಮಗಳ ಹಳೇ ನೋಟ್‌ಬುಕ್ ತೆಗೆದೆ. ಅವತ್ತು ಹನಕೆರೆ ದಾಟಿ ಮದ್ದೂರು ಬರುವಷ್ಟರಲ್ಲಿ ಆರು ಸಾಲು ಬರೆದಿದ್ದೆ. ಮದ್ದೂರಿನಲ್ಲಿ ವಡೆ ಮಾರುವವರು ಹತ್ತಿದಾಗಲೂ ತಲೆ ಎತ್ತಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಗಾಡಿ ಅಲುಗಾಡುವಾಗ ಪೆನ್ನಿನ ಅಕ್ಷರ ಗೀಚಿದ ಹಾಗಾಗುತ್ತದೆ, ಪೆನ್ಸಿಲ್ಲಾದರೆ ಪರವಾಗಿಲ್ಲ. ಎಡಗಡೆ ಪುಟದಲ್ಲಿ ಮಾತ್ರ ಬರೆಯುತ್ತಿದ್ದೆ. ಬಲಗಡೆ ಪುಟ ತಿದ್ದುವುದಕ್ಕೆ, ಆಮೇಲೆ ಹೊಳೆದದ್ದನ್ನು ಗುರುತು ಹಾಕುವುದಕ್ಕೆ. ಒಳ್ಳೆಯ ದಿನ ಎರಡು ಪುಟ, ಕೆಟ್ಟ ದಿನ ನಾಲ್ಕು ಸಾಲು. ನಾಲ್ಕು ಸಾಲಿನ ದಿನಗಳೇ ಜಾಸ್ತಿ. ರಾಮನಗರದ ಬಂಡೆಬೆಟ್ಟಗಳು ಕಂಡಾಗ ಅರ್ಧ ಹೊತ್ತು ಮುಗಿಯಿತು ಅಂತ ಲೆಕ್ಕ. ಬಿಡದಿ, ಹೆಜ್ಜಾಲ ಆದ ಮೇಲೆ ಹೊಸ ವಿಷಯ ಎತ್ತುತ್ತಿರಲಿಲ್ಲ. ಕೆಂಗೇರಿ ಬಂದರೆ ಜನ ಎದ್ದು ಬಾಗಿಲ ಕಡೆ ನುಗ್ಗುತ್ತಾರೆ, ನೋಟ್‌ಬುಕ್ ಮುಚ್ಚಲೇಬೇಕು. ಹೀಗೆ ಒಂದು ಕಥೆಗೆ ಆರೇಳು ವಾರ ಹಿಡಿಯುತ್ತಿತ್ತು.

ಎರಡನೇ ವರ್ಷ ಒಂದು ಕಥೆ ಅರ್ಧಕ್ಕೆ ನಿಂತುಹೋಯಿತು. ಗೊಂಬೆ ಕೆಲಸದವನೊಬ್ಬನ ಕಥೆ. ಎಷ್ಟು ಎಳೆದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಮೂರು ವಾರ ನೋಟ್‌ಬುಕ್ ತೆರೆದು, ಓದಿ, ಮುಚ್ಚುತ್ತಿದ್ದೆ. ಬಿಟ್ಟುಬಿಡೋಣ ಅನ್ನಿಸಿತ್ತು. ಕಥೆ ಮಾತ್ರ ಅಲ್ಲ, ಬರೆಯುವುದನ್ನೇ.

ಚನ್ನಪಟ್ಟಣದಲ್ಲಿ ಹತ್ತುವ ಒಬ್ಬರು ಅಕ್ಕ ಇದ್ದರು. ದಿನಾ ಎದುರು ಸೀಟು. ಒಂದು ಬೆಳಗ್ಗೆ ಕೇಳಿದರು: “ಏನವ್ವ, ದಿನಾ ಬರೀತಿದ್ದೆ, ಈಗ ಸುಮ್ನೆ ನೋಡ್ತಾ ಕೂರ್ತೀಯ? ಏನದು, ಲೆಕ್ಕವಾ?”

“ಅಲ್ಲ ಅಕ್ಕ, ಕಥೆ.”

“ಓದು ಮತ್ತೆ, ಕೇಳಾನ.”

ಅಷ್ಟು ಜನರ ಮಧ್ಯೆ ಓದಲು ಗಂಟಲು ಕಟ್ಟಿತು. ಆದರೂ ಓದಿದೆ. ನನ್ನ ಕಥೆಯಲ್ಲಿ ಆ ಮನುಷ್ಯ ಮರ ತಂದ ದಿನವೇ ಲೇತ್ ಮೇಲೆ ಇಟ್ಟು ಗೊಂಬೆ ಕಡೆಯುತ್ತಾನೆ. ಅಕ್ಕ ಅಲ್ಲಿಗೇ ತಡೆದರು. “ಹಸಿ ಮರ ಯಾರು ಕಡೀತಾರೆ? ಹಾಲೆ ಮರ ತಂದು ಎರಡು ಮೂರು ತಿಂಗಳು ಒಣಗಾಕ್ತಾರೆ ಕಣವ್ವ.” ಅವರ ಮನೆಯವರು ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರಂತೆ. ಬಣ್ಣವನ್ನು ಬ್ರಷ್ಷಿನಲ್ಲಿ ಬಳಿಯುವುದಿಲ್ಲ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅದು ಕರಗಿ ಅಂಟಿಕೊಳ್ಳುತ್ತದೆ, ಆಮೇಲೆ ಒಣಗಿದ ತಾಳೆಗರಿ ಹಿಡಿದು ಹೊಳಪು ಬರಿಸುತ್ತಾರೆ ಅಂತ ಕೈಯಲ್ಲೇ ಮಾಡಿ ತೋರಿಸಿದರು. ಕೆಂಗೇರಿಯಲ್ಲಿ ಇಳಿಯುವಾಗ ಕೇಳಿದರು: “ಮರ ಒಣಗೋ ಮೂರು ತಿಂಗಳು ಅವನ ಮನೇಲಿ ಒಲೆ ಹೆಂಗೆ ಉರೀತದೆ? ಅದು ಬರಿ.”

ನನ್ನ ಕಥೆ ಸಿಕ್ಕಿಹಾಕಿಕೊಂಡದ್ದು ಅಲ್ಲೇ. ನನಗೆ ಆ ಮನೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ನಾನು ಅದನ್ನು ಉತ್ಸಾಹ ಹೋಯಿತು ಅಂದುಕೊಂಡಿದ್ದೆ. ಆಮೇಲೂ ಎಷ್ಟೋ ಸಲ ಹೀಗೇ ಆಗಿದೆ. ಬರೆಯಲು ಮನಸ್ಸಿಲ್ಲ ಅನ್ನಿಸಿದಾಗ ಈಗ ಮೊದಲು ಕೇಳಿಕೊಳ್ಳುವುದು ಒಂದೇ: ಈ ಜಾಗದಲ್ಲಿ ನನಗೆ ಏನು ಗೊತ್ತಿಲ್ಲ? ಗೊತ್ತಿಲ್ಲದ್ದನ್ನು ಬಲಗಡೆ ಪುಟದಲ್ಲಿ ಬರೆದು, ಗೊತ್ತಿರುವವರ ಹತ್ತಿರ ಹೋಗಿ ಕೇಳುತ್ತೇನೆ. ಹತ್ತರಲ್ಲಿ ಆರೇಳು ಸಲ ಕಥೆ ತಾನಾಗಿ ಕದಲುತ್ತದೆ.

ಅವತ್ತಿನಿಂದ ಅಕ್ಕ ಸೀಟಿಗೆ ಕೂರುತ್ತಲೇ “ಆಮೇಲೇನಾಯ್ತು?” ಅನ್ನುತ್ತಿದ್ದರು. ಮಂಡ್ಯದಿಂದ ಚನ್ನಪಟ್ಟಣಕ್ಕೆ ಬರುವಷ್ಟರಲ್ಲಿ ಅದಕ್ಕೆ ಉತ್ತರ ಇರಬೇಕಿತ್ತು ನನ್ನ ಹತ್ತಿರ. ಆ ಒಂದು ಪ್ರಶ್ನೆ ನನ್ನಿಂದ ಬರೆಸಿದಷ್ಟು ಯಾವ ಬಹುಮಾನವೂ ಬರೆಸಿಲ್ಲ.

ಪ್ರಕಟಣೆಯ ವಿಷಯಕ್ಕೆ ಬಂದರೆ, ಮೂರು ವರ್ಷದಲ್ಲಿ ಹದಿನೇಳು ಕಥೆ ಬರೆದೆ, ನಾಲ್ಕು ಅಚ್ಚಾದವು. ಒಂದು ಪತ್ರಿಕೆಗೆ ಕಳಿಸಿದ್ದಕ್ಕೆ ಎಂಟು ತಿಂಗಳಾದರೂ ಹೂಂ ಇಲ್ಲ, ಉಹೂಂ ಇಲ್ಲ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೂ ಕಳಿಸಿ ಫಲಿತಾಂಶದ ಪುಟದಲ್ಲಿ ಹೆಸರು ಹುಡುಕಿದ್ದೇನೆ. ನೋವಾಗುತ್ತದೆ, ಆಗಲ್ಲ ಅಂತ ಹೇಳಲಾರೆ. ಅದಕ್ಕೆ ಮಾಡಿಕೊಂಡ ಏರ್ಪಾಡು ಇಷ್ಟು: ಭಾನುವಾರ ಟೈಪ್ ಮಾಡಿ ಕಥೆ ಕಳಿಸಿದರೆ ಸೋಮವಾರದ ರೈಲಿನಲ್ಲಿ ಹೊಸ ಕಥೆಯ ಮೊದಲ ಸಾಲು ಬಿದ್ದಿರಬೇಕು. ಕೈಯಲ್ಲಿ ಇನ್ನೊಂದು ಕಥೆ ಇದ್ದರೆ ಕಾಯುವುದು ಅಷ್ಟು ಕಷ್ಟವಾಗುವುದಿಲ್ಲ. ಇನ್ನೊಂದು ಸಣ್ಣ ಮಾತು, ಉಪಯೋಗಕ್ಕೆ ಬಂದೀತು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದ ನನ್ನ ಒಂದು ಕಥೆ ಆ ಕಡೆ ತೆರೆದಾಗ ಬರೀ ಅರ್ಥವಿಲ್ಲದ ಚಿಹ್ನೆಗಳಾಗಿತ್ತು. ಈಗ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತೇನೆ, ಜೊತೆಗೊಂದು ಪಿಡಿಎಫ್ ಇಡುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ರೈಲು ನಿಂತಿತು. ಕಂಪನಿಯವರು ಲ್ಯಾಪ್‌ಟಾಪ್ ಕೊಟ್ಟು ಮನೆಯಿಂದಲೇ ಕೆಲಸ ಅಂದರು. ದಿನಕ್ಕೆ ನಾಲ್ಕು ಗಂಟೆ ಓಡಾಟ ಉಳಿಯಿತು. ಇನ್ನು ಕಾದಂಬರಿಯನ್ನೇ ಬರೆಯಬಹುದು ಅಂತ ಖುಷಿಪಟ್ಟೆ. ಹೊಸ ನೋಟ್‌ಬುಕ್ ತಂದಿಟ್ಟೆ. ಏಪ್ರಿಲ್ ಹೋಯಿತು, ಮೇ ಹೋಯಿತು. ಒಂದು ಸಾಲೂ ಇಲ್ಲ. ಬೆಳಗ್ಗೆ ಬರೆಯೋಣ ಅಂದರೆ ಮಧ್ಯಾಹ್ನ ಇದೆಯಲ್ಲ ಅನ್ನಿಸುತ್ತಿತ್ತು. ಮಧ್ಯಾಹ್ನ ಬಂದರೆ ರಾತ್ರಿ ಇದೆಯಲ್ಲ. ಕೂತರೂ ಐದು ನಿಮಿಷಕ್ಕೆ ಎದ್ದು ಒಲೆ ನೋಡುತ್ತಿದ್ದೆ.

ಆಗ ಕೂತು ಯೋಚಿಸಿದೆ. ರೈಲಿನಲ್ಲಿ ಏನಿತ್ತು, ಮನೆಯಲ್ಲಿ ಏನಿಲ್ಲ? ರೈಲಿನಲ್ಲಿ ಎದ್ದು ಹೋಗಲು ಜಾಗ ಇರಲಿಲ್ಲ. ಅಲ್ಲಿ ಎಷ್ಟೇ ಗಲಾಟೆ ಇದ್ದರೂ ಆ ಮಾತು ಯಾವುದೂ ನನ್ನನ್ನು ಕರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೆಂಗೇರಿ ಬರುತ್ತಿತ್ತು. ಮುಗಿಯುವ ಹೊತ್ತು ಗೊತ್ತಿದ್ದಾಗ ಇರುವ ಹೊತ್ತಿಗೆ ಬೆಲೆ ಬರುತ್ತದೆ, ಅಲ್ವಾ? ಮನೆಯಲ್ಲಿ ಕೆಂಗೇರಿ ಬರುತ್ತಲೇ ಇರಲಿಲ್ಲ.

ಮೊಬೈಲ್‌ನಲ್ಲಿ ಅಲಾರಂ ಇಟ್ಟು ನೋಡಿದೆ. ಅದು ಹೊಡೆದಾಗ ಆಫ್ ಮಾಡಿ ಹಾಗೇ ಕೂರಬಹುದು, ಹಾಗಾಗಿ ಅದಕ್ಕೆ ನಾನು ಹೆದರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು ನೀರಿನ ಮೋಟರ್. ಸಂಪಿನಿಂದ ಟೆರೇಸಿನ 1000 ಲೀಟರ್ ಟ್ಯಾಂಕಿಗೆ ನೀರು ತುಂಬಲು ನಮ್ಮ ಮನೆಯಲ್ಲಿ ಸುಮಾರು 40 ನಿಮಿಷ ಬೇಕು. ತುಂಬಿದ ಮೇಲೂ ಮೋಟರ್ ನಿಲ್ಲಿಸದಿದ್ದರೆ ನೀರು ಚೆಲ್ಲಿ ಹೋಗುತ್ತದೆ. ನೀರು ಚೆಲ್ಲುವುದನ್ನು ನನ್ನ ಕೈಯಲ್ಲಿ ನೋಡುವುದಕ್ಕಾಗದು. ಬೆಳಗ್ಗೆ ಆರಕ್ಕೆ ಮೋಟರ್ ಹಾಕಿ, ಟೆರೇಸಿನ ಮೆಟ್ಟಿಲ ಕೊನೆಯಲ್ಲಿ ಮಣೆ ಹಾಕಿ ಕೂತೆ. ಮನೆಯವರಿಗೂ ಅದು ಸರಿಹೋಯಿತು. “ಅಮ್ಮ ನೀರು ಬಿಟ್ಟಿದ್ದಾಳೆ” ಅಂದರೆ ಯಾರೂ ಕರೆಯುವುದಿಲ್ಲ. ಮೊದಲ ದಿನ ಎರಡು ಸಾಲು ಬರೆದೆ. ವಾರ ಕಳೆಯುವಷ್ಟರಲ್ಲಿ ಅರ್ಧ ಪುಟ ಆಯಿತು. ಪೈಪಿನಿಂದ ನೀರು ಬೀಳುವ ಸದ್ದು ಕೇಳಿದ ತಕ್ಷಣ ಪೆನ್ಸಿಲ್ ಇಟ್ಟು ಓಡುತ್ತಿದ್ದೆ. ವಾಕ್ಯ ಅರ್ಧ ಇದ್ದರೆ ಅರ್ಧವೇ. ಆ ಅರ್ಧ ವಾಕ್ಯ ಮಾರನೇ ದಿನದವರೆಗೂ ತಲೆಯಲ್ಲಿ ಓಡುತ್ತಿರುತ್ತಿತ್ತು, ಅಡುಗೆ ಮಾಡುವಾಗಲೂ.

ಆ ಮಳೆಗಾಲದಲ್ಲಿ ಎರಡು ಕಥೆ ಮುಗಿದವು. ಓದಿ ಕೇಳಿಸಲು ಅಕ್ಕ ಇರಲಿಲ್ಲ. ಫೋನಿನಲ್ಲಿ ನಾನೇ ಓದಿ, ವಾಯ್ಸ್ ಮೆಸೇಜ್ ಕಳಿಸಲು ಶುರು ಮಾಡಿದೆ. ಅವರು ಬರೆದು ಉತ್ತರಿಸುವವರಲ್ಲ. ಅವರಿಂದಲೂ ವಾಯ್ಸ್ ಮೆಸೇಜೇ ಬರುತ್ತಿತ್ತು, ಹಿಂದೆ ಕುಕ್ಕರ್ ಕೂಗುವ ಸದ್ದಿನ ಜೊತೆ.

ಈಗ ವಾರಕ್ಕೆ ಮೂರು ದಿನ ಆಫೀಸು. ಆ ದಿನಗಳಲ್ಲಿ ರೈಲು, ಉಳಿದ ದಿನ ಮೋಟರ್. ಅಕ್ಕ ಕೆಲಸ ಬಿಟ್ಟಿದ್ದಾರೆ, ಎದುರು ಸೀಟಿನಲ್ಲಿ ಬೇರೆ ಯಾರೋ ಕೂರುತ್ತಾರೆ. ನಿನ್ನೆ ಕಳಿಸಿದ ಭಾಗ ಕೇಳಿ ಅಕ್ಕ ಒಂದೇ ಮಾತು ಹೇಳಿದ್ದಾರೆ: “ಆ ಹುಡುಗಿ ಮದ್ದೂರಲ್ಲಿ ಇಳಿದಿದ್ದು ಸರಿ, ಕೈಲಿ ದುಡ್ಡು ಎಷ್ಟಿತ್ತು?” ನಾನು ಅದನ್ನು ಯೋಚಿಸಿರಲಿಲ್ಲ. ಬಲಗಡೆ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.